ಒಂದೇ ಗುದ್ದಿಗೆ ಮುಗಿದರೆ ಕಥೆ ಎಲ್ಲಿದೆ?

ನಿಮ್ಮ ಪತ್ರ ಓದಿದೆ. ‘ಒನ್ ಪಂಚ್ ಮ್ಯಾನ್’ ಅನ್ನೋ ಅನಿಮೆಯ (ಜಪಾನಿ ಅನಿಮೇಶನ್ ಸರಣಿ) ಮೊದಲ ಸೀಸನ್ ನಿಮಗೆ ತುಂಬಾ ಹಿಡಿಸಿತ್ತು, ಎರಡನೆಯದು ಸಪ್ಪೆ ಅನ್ನಿಸಿತು. ಹೀರೊ ಸೈತಾಮಾ ಹೇಗೂ ಒಂದೇ ಏಟಿಗೆ ಗೆಲ್ಲುತ್ತಾನೆ, ಇನ್ನು ಅದರ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಓದಿ ಏನು ಸಿಗುತ್ತೆ ಅಂತ ಕೇಳಿದ್ದೀರಿ.

ಓದಿ. ಖಂಡಿತ ಓದಿ.

ಸೈತಾಮಾ ಗೆಲ್ಲೋದು ನಮಗೆ ಮೊದಲೇ ಗೊತ್ತು, ಅಲ್ವಾ? ಹಾಗಾಗಿ ಅವನು ಬರುವವರೆಗೆ ಉಳಿದವರು ಏನು ಮಾಡ್ತಾರೆ ಅನ್ನೋದೇ ಕಥೆ. ಸಮುದ್ರದ ರಾಜ ಅನ್ನೋ ರಾಕ್ಷಸ ಊರಿಗೆ ನುಗ್ಗುವ ಭಾಗ ನೆನಪಿಸಿಕೊಳ್ಳಿ. ಜೋರು ಮಳೆ. ಹೀರೊಗಳಲ್ಲೇ ಅತಿ ಮೇಲಿನ ಎಸ್ ದರ್ಜೆಯ ಜೆನೋಸ್ ಒಂದು ಪುಟ್ಟ ಹುಡುಗಿಗೆ ಅಡ್ಡ ನಿಂತು, ಆಸಿಡ್‌ಗೆ ಮೈ ಕರಗಿ ಬಿದ್ದಿದ್ದಾನೆ. ಆಗ ಸೈಕಲ್ ತುಳಿದುಕೊಂಡು ಬರ್ತಾನೆ ಮುಮೆನ್ ರೈಡರ್. ಎಲ್ಲಕ್ಕಿಂತ ಕೆಳಗಿನ ಸಿ ದರ್ಜೆಯವನು, ವಿಶೇಷ ಶಕ್ತಿ ಏನೂ ಇಲ್ಲ. ತನ್ನಿಂದ ಆಗಲ್ಲ ಅಂತ ಅವನಿಗೇ ಗೊತ್ತು, ಅದನ್ನು ಬಾಯಿಬಿಟ್ಟು ಹೇಳ್ತಾನೆ, ಹೇಳಿ ಮತ್ತೆ ಎದ್ದು ಅದೇ ರಾಕ್ಷಸನ ಮೇಲೆ ಹೋಗ್ತಾನೆ. ಕೊನೆಗೆ ಅವನು ಬೀಳುವಾಗ ಸೈತಾಮಾ ಬಂದು ಹಿಡಿದುಕೊಳ್ತಾನೆ. ಗುದ್ದು ಆಮೇಲೆ.

ಅಲ್ಲಿಗೂ ಮುಗಿಯಲ್ಲ. ಸೋತ ಹೀರೊಗಳು ದಂಡ ಅಂತ ಗುಂಪಿನಲ್ಲೊಬ್ಬ ಗೊಣಗಿದಾಗ, ಅವರೆಲ್ಲ ಸೇರಿ ಆ ರಾಕ್ಷಸನನ್ನು ಸುಸ್ತು ಮಾಡಿಟ್ಟಿದ್ದರು, ನಾನು ಸುಮ್ನೆ ಬಂದು ಹೆಸರು ತಗೊಂಡೆ ಅಂತ ಸೈತಾಮಾ ಎಲ್ಲರಿಗೂ ಕೇಳುವ ಹಾಗೆ ಹೇಳ್ತಾನೆ. ಮೋಸಗಾರ ಅನ್ನಿಸಿಕೊಂಡರೂ ಪರವಾಗಿಲ್ಲ, ಏಟು ತಿಂದವರ ಮರ್ಯಾದೆ ಉಳಿಯಲಿ ಅಂತ. ನನ್ನ ಪ್ರಕಾರ ಅವನ ದೊಡ್ಡ ಗೆಲುವು ಇದೇ.

ಈ ಕಥೆ ಹುಟ್ಟಿದ್ದು 2009ರಲ್ಲಿ. ಒನ್ ಎಂಬ ಹೆಸರಿನಲ್ಲಿ ಬರೆಯುವ ಲೇಖಕ ಒರಟು ಗೆರೆಗಳಲ್ಲಿ ಬರೆದು ಇಂಟರ್ನೆಟ್‌ಗೆ ಹಾಕುತ್ತಿದ್ದ. ಚಿತ್ರ ಅಂದಚಂದ ಇರಲಿಲ್ಲ, ಆದರೂ ಜನ ಮುಗಿಬಿದ್ದು ಓದಿದರು. ‘ಐಶೀಲ್ಡ್ 21’ ಅನ್ನೋ ಮಾಂಗಾದ ಚಿತ್ರಕಾರ ಯೂಸುಕೆ ಮುರಾತಾ ಅದಕ್ಕೆ ಮನಸೋತು 2012ರಿಂದ ಅದೇ ಕಥೆಯನ್ನು ಮಾಂಗಾ ಆಗಿ ಹೊಸದಾಗಿ ಚಿತ್ರಿಸತೊಡಗಿದರು. ಮುರಾತಾ ಪುಟಗಳಲ್ಲಿ ಹೊಡೆದಾಟ ಕಣ್ಣೆದುರೇ ಓಡುತ್ತೆ.

ಎರಡನೇ ಸೀಸನ್ ವಿಷಯದಲ್ಲಿ ನಿಮ್ಮ ಬೇಸರ ನ್ಯಾಯವಾದದ್ದೇ. 2015ರ ಮೊದಲ ಸೀಸನ್ ಮಾಡಿದ್ದು ಮ್ಯಾಡ್‌ಹೌಸ್ ಸ್ಟುಡಿಯೊ, ನಿರ್ದೇಶಕ ಶಿಂಗೊ ನತ್ಸುಮೆ. ಜಪಾನಿನಲ್ಲಿ ಎಷ್ಟೋ ಒಳ್ಳೆಯ ಅನಿಮೇಟರ್‌ಗಳು ಯಾವ ಸ್ಟುಡಿಯೊದ ನೌಕರರೂ ಅಲ್ಲ, ನಂಬಿದ ನಿರ್ದೇಶಕ ಕರೆದರೆ ಬರ್ತಾರೆ. ನತ್ಸುಮೆಗೆ ಅಂಥ ಬಳಗ ಸಿಕ್ಕಿತ್ತು. 2019ರ ಹೊತ್ತಿಗೆ ಕೆಲಸ ಜೆ.ಸಿ. ಸ್ಟಾಫ್ ಅನ್ನೋ ಇನ್ನೊಂದು ಸ್ಟುಡಿಯೊಗೆ ಹೋಯಿತು, ನಿರ್ದೇಶಕರೂ ಬದಲಾದರು. ಹೊಡೆದಾಟದಲ್ಲಿ ಆ ಹಳೆಯ ಬಿರುಸು ಉಳಿಯಲಿಲ್ಲ.

ಆದರೆ ಆ ಸೀಸನ್ನಿನ ಗಾರೋನನ್ನು ಮಾತ್ರ ಕೈಬಿಡಬೇಡಿ. ಚಿಕ್ಕಂದಿನಲ್ಲಿ ಆಟದಲ್ಲಿ ಯಾವಾಗಲೂ ಇವನೇ ರಾಕ್ಷಸ, ಏಟೂ ಇವನಿಗೇ. ದೊಡ್ಡವನಾಗಿ ಹೀರೊಗಳನ್ನೇ ಬೇಟೆಯಾಡ್ತಾನೆ. ಹಾಗಿದ್ದೂ, ಹಿಂದಿನ ಗುಡಿಸಲಿನಲ್ಲಿ ಒಬ್ಬ ಪುಟ್ಟ ಹುಡುಗ ಇದ್ದಾನೆ ಅಂತ ಹೀರೊಗಳು ಹಾರಿಸಿದ ಗುಂಡುಗಳನ್ನೆಲ್ಲ ತಾನೇ ತಡೀತಾನೆ. ಇದನ್ನು ಮುರಾತಾ ಪುಟಗಳಲ್ಲಿ ನೋಡಿ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಮೂರನೇ ಸೀಸನ್ ಕೂಡ ಜೆ.ಸಿ. ಸ್ಟಾಫ್‌ನದ್ದೇ, ಅದಕ್ಕೆ ಕೈಹಾಕುವ ಮುಂಚೆ ಗಾರೋನ ಕಥೆ ಪುಸ್ತಕದಲ್ಲೇ ಓದಿಕೊಂಡರೆ ಒಳ್ಳೆಯದು.