ಮಂಡಿ ನೋವಿರುವ ಅಮ್ಮನೊಂದಿಗೆ ಕ್ಯೂಬೆಕ್ ನಗರಕ್ಕೆ ಹೊರಟಿದ್ದೇವೆ. 200 ಡಾಲರಿನ ಆಸುಪಾಸಿನಲ್ಲಿ ಎಲ್ಲಿ ಇಳಿದುಕೊಳ್ಳುವುದು?

ನೀವು ಕೇಳಿರುವುದರ ಸಾರ ಇಷ್ಟು: ಟೊರಾಂಟೊದಿಂದ ಹೊರಡುವವರು ಐವರು. ನೀವಿಬ್ಬರು, ಆರು ವರ್ಷದ ಮಗಳು, ಮೈಸೂರಿನಿಂದ ಬಂದಿರುವ ಅಪ್ಪ ಅಮ್ಮ. ಅಕ್ಟೋಬರ್ ಮೊದಲ ವಾರ, ಮೂರು ರಾತ್ರಿ. ಎಲ್ಲರೂ ಸಸ್ಯಾಹಾರಿಗಳು, ಯಾರಿಗೂ ಫ್ರೆಂಚ್ ಬಾರದು, ಕೋಣೆಯೊಂದಕ್ಕೆ ರಾತ್ರಿಗೆ 200 ಕೆನಡಾ ಡಾಲರ್ ಆಸುಪಾಸು ಕೊಡಬಲ್ಲಿರಿ. ಕೋಟೆಗೋಡೆಯೊಳಗಿನ ಹಳೆಯ ಊರಿನಲ್ಲೇ ಇರಬೇಕೆಂಬುದು ನಿಮ್ಮ ಆಸೆ. ನಾನು ಮಾಂಟ್ರಿಯಲ್‌ನಲ್ಲಿ ಇರುವವನು. ಊರಿನಿಂದ ಯಾರೇ ಬಂದರೂ ಅವರಿಗೆ ಕ್ಯೂಬೆಕ್ ತೋರಿಸುವ ಕೆಲಸ ನನ್ನ ಪಾಲಿಗೇ ಬೀಳುವುದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಆ ಊರಿನಲ್ಲಿ ಹೋಟೆಲ್ ಹುಡುಕುವಾಗ ನಕ್ಷೆಯ ಮೇಲೆ ದೂರ ಅಳೆಯಬೇಡಿ, ಎತ್ತರ ಅಳೆಯಿರಿ. 1608ರಲ್ಲಿ ಸ್ಯಾಮ್ಯುಯೆಲ್ ದ ಶಾಂಪ್ಲೆಂ ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ನೆಲೆಯೂರಿದ ಜಾಗ ಇಂದಿನ ಕೆಳಪಟ್ಟಣ. ಮೇಲೆ, ಬಂಡೆಯ ನೆತ್ತಿಯಲ್ಲಿ ಕೋಟೆ, ಮಠ, ಅಧಿಕಾರಿಗಳ ಮನೆಗಳು ಬೆಳೆದದ್ದು ಮೇಲ್ಪಟ್ಟಣ. ಎರಡರ ನಡುವೆ ಕಡಿದಾದ ಬಂಡೆ. ಮೇಲ್ಪಟ್ಟಣದಲ್ಲಿ ಶಾತೋ ಫ್ರೋಂಟನಾಕ್ ಎಂಬ ಹೆಸರಾಂತ ಹಳೆಯ ಹೋಟೆಲಿದೆ. ಬುಕಿಂಗ್ ಜಾಲತಾಣಗಳು ‘ಶಾತೋ ಫ್ರೋಂಟನಾಕ್‌ಗೆ 200 ಮೀಟರ್’ ಎಂದು ತೋರಿಸುವುದು ನೇರ ಗೆರೆಯ ಲೆಕ್ಕ. ನೀವು ಹಿಡಿಯುವ ಹೋಟೆಲು ಬಂಡೆಯ ಕೆಳಗೂ ಇರಬಹುದು. ಚಾಮುಂಡಿ ಬೆಟ್ಟದ ಪಾದದಲ್ಲಿ ಕೋಣೆ ಕೊಟ್ಟು ‘ದೇವಸ್ಥಾನ ಪಕ್ಕದಲ್ಲೇ ಇದೆ’ ಎಂದರೆ ನಿಮ್ಮ ಅಪ್ಪ ಏನೆನ್ನುತ್ತಾರೋ ಇದಕ್ಕೂ ಅದನ್ನೇ ಅನ್ನಬೇಕು. ಮೇಲಕ್ಕೂ ಕೆಳಕ್ಕೂ ಓಡಾಡಲು 1879ರಿಂದ ಒಂದು ಫ್ಯೂನಿಕ್ಯುಲರ್ ಇದೆ. ಹಳಿಯ ಮೇಲೆ ಓರೆಯಾಗಿ ಏರುವ ಗಾಜಿನ ಡಬ್ಬಿ ಅದು. ಕೆಲವೇ ನಿಮಿಷದ ಪಯಣ, ಮಗಳು ಮತ್ತೆ ಮತ್ತೆ ಕೇಳುತ್ತಾಳೆ. ಆದರೆ ದುರಸ್ತಿಗೆಂದು ಆಗೀಗ ನಿಲ್ಲಿಸುತ್ತಾರೆ. ಆಗ ಉಳಿಯುವುದು ಪಕ್ಕದ ಕಾಸ್-ಕೂ ಮೆಟ್ಟಿಲು. ‘ಕತ್ತು ಮುರಿಯುವ ಮೆಟ್ಟಿಲು’ ಎಂದೇ ಅದರ ಹೆಸರು, ಅಮ್ಮನಿಗೆ ಅದು ಬೇಡ.

ಹಾಗಾದರೆ ಎಲ್ಲಿ? ನಿಮ್ಮ ಮನೆಯವರಿಗೆ ನಾನು ಹೇಳುವುದು ಗೋಡೆಗೆ ಹೊರಗೆ ತಾಗಿಕೊಂಡಿರುವ ಭಾಗ. ಪ್ಲಾಸ್ ದ್ಯೂವಿಲ್ ಚೌಕದ ಸುತ್ತಮುತ್ತ, ಪ್ರಾಂತ್ಯದ ಸಂಸತ್ ಭವನದ ಹತ್ತಿರ, ಅಥವಾ ಗ್ರಾಂಡ್ ಅಲೇ ರಸ್ತೆಯ ಕೋಟೆಬಾಗಿಲ ಕಡೆಯ ತುದಿ. ಇದೂ ಮೇಲ್ಪಟ್ಟಣವೇ. ಸೆಂ ಲೂಯಿ ಬಾಗಿಲನ್ನೋ ಸೆಂ ಜಾಂ ಬಾಗಿಲನ್ನೋ ದಾಟಿದರೆ ಹಳೆಯ ಊರು, ನಡುವೆ ಬಂಡೆಯ ತಂಟೆ ಇಲ್ಲ. ಇಲ್ಲಿನ ಹೋಟೆಲುಗಳಲ್ಲಿ ಹಲವು ಇಪ್ಪತ್ತನೇ ಶತಮಾನದ ದೊಡ್ಡ ಕಟ್ಟಡಗಳು. ನೋಡಲು ಚಂದವಿಲ್ಲ, ನಿಜ. ಆದರೆ ಬೀದಿಯ ಮಟ್ಟದಿಂದಲೇ ಲಿಫ್ಟ್ ಇರುತ್ತದೆ, ಕೋಣೆ ಅಗಲವಾಗಿರುತ್ತದೆ, ಕಾರಿಗೆ ನೆಲಮಾಳಿಗೆ ಇರುತ್ತದೆ. ಲೆ ಕೊಂಕೋರ್ಡ್ ಎಂಬ ಹೋಟೆಲಿನ ತುದಿಯಲ್ಲಿ ನಿಧಾನವಾಗಿ ತಿರುಗುವ ರೆಸ್ಟೋರೆಂಟೂ ಇದೆ. ಗ್ರಾಂಡ್ ಅಲೇಯಲ್ಲಿ ಬಾರುಗಳು ಸಾಲಾಗಿವೆ, ಶುಕ್ರವಾರ ಶನಿವಾರ ಗದ್ದಲ ತಡರಾತ್ರಿಯವರೆಗೂ ಇಳಿಯುವುದಿಲ್ಲ. ಹಿಂಬದಿಯ ಕೋಣೆ ಕೇಳಿ. ಹಿಂಬದಿ ಎಂದರೆ ಅಬ್ರಹಾಂ ಬಯಲಿನ ಕಡೆ. 1759ರಲ್ಲಿ ಬ್ರಿಟಿಷರು ಫ್ರೆಂಚರನ್ನು ಸೋಲಿಸಿದ ರಣಭೂಮಿ ಈಗ ಅಪ್ಪನ ಬೆಳಗಿನ ವಾಕಿಂಗಿಗೆ ಹೇಳಿಮಾಡಿಸಿದ ಉದ್ಯಾನ.

ಗೋಡೆಯೊಳಗೇ ಇರಬೇಕೆಂಬ ಹಟವಿದ್ದರೆ ಕೋಣೆಗಳೇನೋ ಸಿಗುತ್ತವೆ. ಶಾತೋ ಫ್ರೋಂಟನಾಕ್‌ನ ಪಕ್ಕದ ಗವರ್ನರುಗಳ ತೋಟದ ಸುತ್ತ ಹಳೆಯ ಮನೆಗಳನ್ನೇ ವಸತಿಗೃಹ ಮಾಡಿದ್ದಾರೆ. ಕಲ್ಲಿನ ಗೋಡೆ, ಮರದ ನೆಲ, ಕಿಟಕಿಯಲ್ಲಿ ಹೂವು. ಫೋಟೊ ನೋಡಿದರೆ ಇಂದೇ ಹೊರಡೋಣ ಎನ್ನಿಸುತ್ತದೆ. ಆದರೆ 1963ರಿಂದ ಆ ಭಾಗ ಸಂರಕ್ಷಿತ ಪ್ರದೇಶ, 1985ರಿಂದ ವಿಶ್ವ ಪರಂಪರೆಯ ತಾಣ. ಮನೆಯ ರೂಪ ಮನಬಂದಂತೆ ಬದಲಿಸುವಂತಿಲ್ಲ, ಹಾಗಾಗಿ ಅಂಥ ಎಷ್ಟೋ ಮನೆಗಳಲ್ಲಿ ಲಿಫ್ಟ್ ಇಲ್ಲವೇ ಇಲ್ಲ. ಇದ್ದರೂ ಅದರ ಮೇಲೆ ನಂಬಿಕೆ ಇಡುವಂತಿಲ್ಲ. ನನ್ನ ಸೋದರತ್ತೆಯನ್ನು ಕರೆದುಕೊಂಡು ಹೋದಾಗ ‘ಲಿಫ್ಟ್ ಸೌಲಭ್ಯವಿದೆ’ ಎಂದು ಬರೆದುಕೊಂಡಿದ್ದ ಒಂದು ಮನೆಯಲ್ಲಿ ಇಳಿದಿದ್ದೆವು. ಬೀದಿಯಿಂದ ಬಾಗಿಲಿಗೆ ಕಲ್ಲಿನ ಮೆಟ್ಟಿಲುಗಳು, ಕೈಹಿಡಿ ಒಂದೇ ಪಕ್ಕಕ್ಕೆ. ಒಳಗೆ ಹೋದರೆ ಲಿಫ್ಟಿನಲ್ಲಿ ಒಬ್ಬರು ಮತ್ತು ಒಂದು ಪೆಟ್ಟಿಗೆಗೆ ಮಾತ್ರ ಜಾಗ. ಅದು ನಿಲ್ಲುವುದು ಎರಡನೇ ಮಹಡಿಯಲ್ಲಿ, ನಮ್ಮ ಕೋಣೆ ಇದ್ದದ್ದು ಎರಡಕ್ಕೂ ಮೂರಕ್ಕೂ ನಡುವಿನ ಅರೆಮಹಡಿಯಲ್ಲಿ. ಅತ್ತೆ ಆ ಮೂರು ದಿನ ಬೆಳಿಗ್ಗೆ ಒಮ್ಮೆ ಇಳಿದರೆ ರಾತ್ರಿಯೇ ಹತ್ತುತ್ತಿದ್ದರು. ಸ್ವಾಗತಕಾರರನ್ನು ಕೇಳಿದರೆ ‘ಲಿಫ್ಟ್ ಇದೆಯಲ್ಲ’ ಎಂದರು. ಇದ್ದದ್ದೇನೋ ಸುಳ್ಳಲ್ಲ.

ಆದ್ದರಿಂದ ಹಣ ಕಟ್ಟುವ ಮೊದಲು ಹೋಟೆಲಿಗೇ ನೇರವಾಗಿ ಮಿಂಚಂಚೆ ಬರೆಯಿರಿ. ಇಂಗ್ಲಿಷಿನಲ್ಲೇ ಬರೆಯಬಹುದು, ಉತ್ತರ ಬರುತ್ತದೆ. ಬೀದಿಯಿಂದ ಕೋಣೆಯ ಬಾಗಿಲಿನವರೆಗೆ ಒಟ್ಟು ಎಷ್ಟು ಮೆಟ್ಟಿಲು ಎಂದು ಸಂಖ್ಯೆಯನ್ನೇ ಕೇಳಿ. ‘ಲಿಫ್ಟ್ ಇದೆಯೇ’ ಎಂದು ಕೇಳಿದರೆ ಮೇಲಿನಂಥ ಉತ್ತರವೇ ಬರುವುದು. ಸ್ನಾನದ ಮನೆಯಲ್ಲಿ ನಿಂತು ಮೀಯುವ ಶವರ್ ಬೇರೆಯಾಗಿ ಇದೆಯೇ ಅಥವಾ ತೊಟ್ಟಿಯೊಳಗೇ ಶವರ್ ಇದೆಯೇ ಎಂಬುದನ್ನೂ ಕೇಳಿ. ಹಳೆಯ ಹೋಟೆಲುಗಳಲ್ಲಿ ಬಹುಪಾಲು ಎರಡನೆಯದು. ಮೊಣಕಾಲೆತ್ತರದ ಅಂಚನ್ನು ಒದ್ದೆ ಕಾಲಿನಲ್ಲಿ ದಾಟುವುದು ಮಂಡಿ ನೋವಿನವರಿಗೆ ಮೆಟ್ಟಿಲಿಗಿಂತ ಅಪಾಯ. ಯಾವ ಮಾರ್ಗದರ್ಶಿಯೂ ಇದನ್ನು ಬರೆಯುವುದಿಲ್ಲ, ಬರೆಯುವವರಿಗೆ ಮಂಡಿ ಗಟ್ಟಿ ಇರಬೇಕು. ಅಂದಹಾಗೆ, ಪ್ಲಾಸ್ಟಿಕ್ ಚೊಂಬೊಂದನ್ನು ಪೆಟ್ಟಿಗೆಗೆ ಹಾಕಿಕೊಳ್ಳಿ. ವಿವರಿಸಬೇಕಿಲ್ಲ.

ಐವರಿಗೆ ಒಂದೇ ಕೋಣೆ ಸಾಮಾನ್ಯವಾಗಿ ಕೊಡುವುದಿಲ್ಲ, ಎರಡು ಕ್ವೀನ್ ಹಾಸಿಗೆಯ ಕೋಣೆಗೆ ನಾಲ್ವರೇ ಮಿತಿ. ಎರಡು ಕೋಣೆ ಹಿಡಿಯುವುದಾದರೆ ‘ಅಕ್ಕಪಕ್ಕದ ಕೋಣೆ’ ಎನ್ನಬೇಡಿ, ‘ಒಳಗಿನಿಂದಲೇ ಬಾಗಿಲಿರುವ ಕೋಣೆ’ ಎಂದು ಕೇಳಿ. ಅಂಥವು ಕಡಿಮೆ ಇರುತ್ತವೆ, ಬೇಗ ಹೋಗಿಬಿಡುತ್ತವೆ. ಎರಡು ಕೋಣೆಯ ಬೆಲೆ ಕೂಡಿ ನೋಡಿದಾಗ ಚಿಕ್ಕ ಅಡುಗೆಮನೆ ಇರುವ ಸ್ವೀಟ್ ಒಂದು ಅಷ್ಟಕ್ಕೇ ಸಿಗುವುದುಂಟು, ನನ್ನ ಮತ ಅದಕ್ಕೆ. ರಾತ್ರಿ ಎಂಟಕ್ಕೆ ಚಳಿಯಲ್ಲಿ ನಡುಗುತ್ತ ಬಂದ ಹಿರಿಯರಿಗೆ ಬಿಸಿ ಅನ್ನ, ಮನೆಯಿಂದ ತಂದ ಪುಳಿಯೋಗರೆ ಗೊಜ್ಜು ಸಿಕ್ಕರೆ ಮರುದಿನದ ಸುತ್ತಾಟವೂ ಸಲೀಸು. ಖಾಸಗಿ ಮನೆ ಹಿಡಿಯುವುದಾದರೆ ಜಾಹೀರಾತಿನಲ್ಲಿ ಪ್ರಾಂತ್ಯದ ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಇನ್ನು ದುಡ್ಡು. ಪರದೆಯ ಮೇಲೆ ಕಾಣುವ 200 ಡಾಲರ್ 200 ಅಲ್ಲ. ಅದರ ಮೇಲೆ 3.5% ವಸತಿ ತೆರಿಗೆ, ಅದೂ ಸೇರಿದ ಮೊತ್ತದ ಮೇಲೆ 5% ಕೇಂದ್ರದ್ದು ಮತ್ತು 9.975% ಪ್ರಾಂತ್ಯದ್ದು. ಕೊನೆಗೆ 238 ಡಾಲರ್. ಕಾರಿಗೆ ಜಾಗ ಬೇಕೆಂದರೆ ಆ ಭಾಗದಲ್ಲಿ ರಾತ್ರಿಗೆ ಸಾಮಾನ್ಯವಾಗಿ ಇನ್ನೂ 25ರಿಂದ 35 ಡಾಲರ್. ನಿಮ್ಮ 200 ತೆರಿಗೆ ಸೇರಿಸಿಯೋ ಬಿಟ್ಟೋ ಎಂದು ಮೊದಲೇ ತೀರ್ಮಾನಿಸಿ. ಸೇರಿಸಿ ಎಂದಾದರೆ ನೀವು ಹುಡುಕಬೇಕಾದದ್ದು 168ರ ಕೋಣೆ.

ನೀವು ಆರಿಸಿಕೊಂಡ ವಾರವೂ ಅಗ್ಗದ ವಾರವಲ್ಲ. ಮೇಪಲ್ ಎಲೆ ಕೆಂಪಾಗುವ ಹೊತ್ತು, ಬಂದರಿಗೆ ಪ್ರವಾಸಿ ಹಡಗುಗಳು ಬರುವ ಹೊತ್ತು, ಬೆನ್ನಿಗೇ ಅಕ್ಟೋಬರ್ ಎರಡನೇ ಸೋಮವಾರ ಥ್ಯಾಂಕ್ಸ್‌ಗಿವಿಂಗ್ ರಜೆ. ಮೈಸೂರಿನವರಿಗೆ ದಸರಾ ಕಾಲದ ಕೋಣೆಯ ಬೆಲೆ ಗೊತ್ತೇ ಇದೆ, ಹೆಚ್ಚು ಹೇಳಬೇಕಿಲ್ಲ. ಸಾಧ್ಯವಿದ್ದರೆ ಭಾನುವಾರ ಸಂಜೆ ಬಂದು ಬುಧವಾರ ಹೊರಡಿ, ಶುಕ್ರವಾರ ಶನಿವಾರದ ರಾತ್ರಿಗಳು ತಪ್ಪಿದರೆ ಅದೇ ಕೋಣೆಯ ದರ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಹಣ ವಾಪಸಾಗುವ ಷರತ್ತಿನ ಕೋಣೆಯನ್ನು ಈಗಲೇ ಹಿಡಿದಿಟ್ಟು, ಆಮೇಲೆ ನಿಧಾನವಾಗಿ ಹುಡುಕಿ.

ಮಿಕ್ಕ ಮೂರು ಭಾಗಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೆಳಪಟ್ಟಣದ ಹಳೆಯ ಬಂದರಿನ ಕಡೆ ಹಿಂದಿನ ಬ್ಯಾಂಕು, ಗೋದಾಮುಗಳು ಹೋಟೆಲಾಗಿವೆ, ನೆಲ ಸಮತಟ್ಟು, ನೋಡಲು ಸೊಗಸು, ಆದರೆ ನಿಮ್ಮ ಬಜೆಟ್ಟಿಗೆ ಅಕ್ಟೋಬರಿನಲ್ಲಿ ಕಷ್ಟ. ಬಂಡೆಯ ಕೆಳಗಿನ ಇನ್ನೊಂದು ಭಾಗವಾದ ಸೆಂ ರೋಕ್ ಅಗ್ಗ, ಊಟದ ಜಾಗಗಳು ಅಲ್ಲೇ ಹೆಚ್ಚು, ಮೇಲಕ್ಕೆ ಹೋಗಲು ಉಚಿತ ಸಾರ್ವಜನಿಕ ಲಿಫ್ಟೂ ಒಂದಿದೆ. ಯುವಕರಿಗೆ ಅದನ್ನೇ ಹೇಳುತ್ತಿದ್ದೆ. ಸೆಂತ್ ಫ್ವಾ ಕಡೆಯ ಹೋಟೆಲುಗಳು ಹೆದ್ದಾರಿ ಬದಿಯವು. ಅಲ್ಲಿ ಮಲಗುವುದಾದರೆ ಟೊರಾಂಟೊದಲ್ಲೇ ಮಲಗಬಹುದು.

ಒಂದು ಜಾಗ ಮಾತ್ರ ಈ ಲೆಕ್ಕಗಳಿಗೆಲ್ಲ ಹೊರಗಿನದು. 1639ರಲ್ಲಿ ಫ್ರಾನ್ಸಿನಿಂದ ಬಂದು ಇಲ್ಲಿ ಆಸ್ಪತ್ರೆ ತೆರೆದ ಅಗಸ್ಟೀನ್ ಸನ್ಯಾಸಿನಿಯರ ಮಠದ ಒಂದು ಭಾಗವನ್ನು 2015ರಿಂದ ವಸತಿಗೆ ಕೊಡುತ್ತಿದ್ದಾರೆ. ಗೋಡೆಯೊಳಗೇ ಇದೆ. ಸನ್ಯಾಸಿನಿಯರ ಹಳೆಯ ಕಿರುಕೋಣೆಗಳೂ ಇವೆ, ಅವುಗಳಿಗೆ ಸ್ನಾನದ ಮನೆ ಹೊರಗೆ, ಹಂಚಿಕೊಳ್ಳುವಂಥದ್ದು. ಈ ಕಾಲದ ಕೋಣೆಗಳಿಗೆ ಒಳಗೇ ಇದೆ. ಬೆಳಗಿನ ತಿಂಡಿಯನ್ನು ಮೌನವಾಗಿ ತಿನ್ನಬೇಕು. ಚಮಚ ತಟ್ಟೆಗೆ ತಾಗುವ ಸದ್ದು, ಯಾರೋ ಬ್ರೆಡ್ ಮುರಿಯುವ ಸದ್ದು, ಅಷ್ಟೇ. ಅಪ್ಪ ಅಮ್ಮನಿಗೆ ಇದು ನಮ್ಮ ಮಠಗಳ ಪಂಕ್ತಿಗಿಂತ ಶಾಂತವೆನ್ನಿಸೀತು. ಆರು ವರ್ಷದ ಮಗಳನ್ನು ಅರ್ಧ ಗಂಟೆ ಸುಮ್ಮನಿರಿಸುವ ವಿದ್ಯೆ ನಿಮಗೆ ಒಲಿದಿದ್ದರೆ ಖಂಡಿತ ನೋಡಿ.

ನದಿ ಕಾಣುವ ಕೋಣೆಗೆಂದು ಹೆಚ್ಚು ಹಣ ಸುರಿಯಬೇಡಿ. ಶಾತೋ ಫ್ರೋಂಟನಾಕ್ ಎದುರಿನ ಡಫರಿನ್ ಟೆರೇಸಿನಲ್ಲಿ ಬೆಂಚುಗಳಿವೆ, ಅಲ್ಲಿ ಕುಳಿತರೆ ಇಡೀ ನದಿ ಬಿಟ್ಟಿ. ಕೋಟೆಗೋಡೆಯನ್ನು ಕೆಡವಲು ಹೊರಟಿದ್ದವರನ್ನು ತಡೆದ ಗವರ್ನರ್ ಜನರಲ್ ಈ ಡಫರಿನ್. ಅವನೇ 1884ರಲ್ಲಿ ಭಾರತಕ್ಕೆ ವೈಸರಾಯ್ ಆಗಿ ಬಂದದ್ದು, ಅಪ್ಪನಿಗೆ ಹೇಳಿ. 1893ರಲ್ಲಿ ರೈಲ್ವೆ ಕಂಪನಿ ಕಟ್ಟಿಸಿದ ಆ ಹೋಟೆಲಿನ ಚಂದವಂತೂ ಒಳಗೆ ಮಲಗಿದವರಿಗೆ ಕಾಣುವುದಿಲ್ಲ. ಸಂಜೆ ನದಿಯಾಚೆಯ ಊರಾದ ಲೆವಿಸ್ ಕಡೆಗೆ ಹೋಗುವ ದೋಣಿ ಹತ್ತಿ. ದಾಟಲು ಹತ್ತು ಹನ್ನೆರಡು ನಿಮಿಷ, ಮರಳುವಾಗ ದೀಪ ಹಚ್ಚಿಕೊಂಡ ಊರು ಪೂರ್ತಿ ಎದುರಿಗಿರುತ್ತದೆ.

ಊಟದ ವಿಷಯದಲ್ಲಿ ಹುಷಾರಾಗಿರಿ. ಪುಟೀನ್ ಎಂದರೆ ಆಲೂಗಡ್ಡೆ, ಚೀಸ್, ಮೇಲೆ ಸಾರು ಎಂದು ತಿಳಿದು ನಮ್ಮವರು ನಿಶ್ಚಿಂತೆಯಿಂದ ತಿನ್ನುತ್ತಾರೆ. ಆ ಸಾರು ಸಾಮಾನ್ಯವಾಗಿ ಮಾಂಸದ್ದು. ಈರುಳ್ಳಿ ಸೂಪಿಗೂ ಬಹಳ ಕಡೆ ದನದ ಮೂಳೆಯ ನೀರು, ಅಲ್ಲಿನ ಹೆಸರಾಂತ ಬಟಾಣಿ ಸೂಪಿಗೆ ಹಂದಿ. ‘ಸಾನ್ ವಿಯಾಂಡ್, ಸಾನ್ ಪ್ವಾಸೋಂ’ ಎಂದರೆ ಮಾಂಸ ಬೇಡ, ಮೀನು ಬೇಡ. ಸಾರನ್ನು ಮಾತ್ರ ಪ್ರತ್ಯೇಕವಾಗಿ ಕೇಳಲೇಬೇಕು, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ತೆಳುದೋಸೆಯಂಥ ಕ್ರೇಪ್ ಮಾಡುವ ಅಂಗಡಿಗಳು ಕೈ ಹಿಡಿಯುತ್ತವೆ, ಒಂದೆರಡು ಭಾರತೀಯ ಊಟದ ಜಾಗಗಳೂ ಇವೆ. ಮಾತಿಗೆ ಮೊದಲು ‘ಬೋಂಜೂರ್’ ಎನ್ನಿ, ಆಮೇಲೆ ಇಂಗ್ಲಿಷಿಗೆ ತಿರುಗಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಕಾರಿನಲ್ಲೋ ರೈಲಿನಲ್ಲೋ ಎಂದೂ ಕೇಳಿದ್ದೀರಿ. ಕಾರಾದರೆ ಸುಮಾರು 800 ಕಿ.ಮೀ., ಹಿರಿಯರಿಗೆ ಒಂದೇ ಏಟಿಗೆ ಆಗದು, ಮಾಂಟ್ರಿಯಲ್‌ನಲ್ಲಿ ಒಂದು ರಾತ್ರಿ ತಂಗಿ. ಹಳೆಯ ಊರಿನೊಳಗೆ ಕಾರಿನಿಂದ ತೊಂದರೆಯೇ ಹೆಚ್ಚು; ಮೋಂಮೊರೆನ್ಸಿ ಜಲಪಾತಕ್ಕೂ ಓರ್ಲಿಯಾಂ ದ್ವೀಪಕ್ಕೂ ಹೋಗುವ ಒಂದು ದಿನಕ್ಕೆ ಅಲ್ಲೇ ಬಾಡಿಗೆಗೆ ಪಡೆಯಬಹುದು. ನಾನಾದರೆ ರೈಲನ್ನೇ ಆರಿಸುತ್ತೇನೆ. ಗಾರ್ ದ್ಯು ಪಾಲೆ ನಿಲ್ದಾಣ ಇರುವುದು ಕೆಳಪಟ್ಟಣದಲ್ಲಿ, ಅಲ್ಲಿಂದ ಮೇಲಕ್ಕೆ ಹೋಗುವ ಕೋತ್ ದ್ಯು ಪಾಲೆ ರಸ್ತೆ ಕಡಿದಾದ ಏರು. ಹೋಟೆಲಿಗೆ ನಡೆದೇ ಹೋಗಬಹುದೆಂದು ಮೊಬೈಲ್ ನಕ್ಷೆ ಹೇಳುತ್ತದೆ. ಕೇಳಬೇಡಿ, ನಿಲ್ದಾಣದ ಬಾಗಿಲಲ್ಲೇ ಟ್ಯಾಕ್ಸಿ ನಿಂತಿರುತ್ತದೆ.