ಹಳ್ಳಿ ಗ್ರಂಥಾಲಯದಾಗ ಮಕ್ಕಳ ಕಥೆ ಓದು: ಬೀಳಗಿ ಕಡೆಯವರ ಪ್ರಶ್ನೆಗೆ

ನಮಸ್ಕಾರ ರೀ. ನಾಲ್ಕನೇತ್ತೆ ಮಗಳನ್ನ ಊರ ಗ್ರಂಥಾಲಯಕ್ಕೆ ಸೇರಿಸಲು ರೊಕ್ಕ ಕಟ್ಟಬೇಕೇ, ವಾರಕ್ಕೊಮ್ಮೆ ಕಥೆ ಓದು ಶುರು ಮಾಡೋದು ಹೆಂಗ ಅಂತ ಕೇಳೀರಿ.

ರೊಕ್ಕ ಬೇಕಿಲ್ಲ. 2020ರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಇದ್ದರೂ ಅದೇ. ಕಥೆ ಓದಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ-ಸಿಕ್ಕಾ ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾದ ದಿನವೇ ಮುಗಿಯುತ್ತದೆ.

ನಿಜವಾದ ತಕರಾರು ಬೇರೆ. ಒಳಗೆ ಪಿಎಸ್‌ಐ, ಎಫ್‌ಡಿಎ ಅಂಥ ಸರ್ಕಾರಿ ನೌಕರಿ ಪರೀಕ್ಷೆಗೆ ಓದುವ ಹುಡುಗರಿರ್ತಾರೆ, ಮಕ್ಕಳ ಗದ್ದಲ ಅವರಿಗೆ ಆಗೋದಿಲ್ಲ. ಹಂಗಾಗಿ ಹೊರಗಿನ ಕಟ್ಟೆ ಅಥವಾ ಶಾಲೆಯ ಪಡಸಾಲೆ ನೋಡಿಕೊಳ್ಳಿ. ಬ್ಯಾಸಗಿಯಲ್ಲಿ ಮುಂಜಾನೆ ಒಂಬತ್ತರೊಳಗೆ ಮುಗಿಸಿಬಿಡಿ.

12-15 ಮಕ್ಕಳು ಸಾಕು. ಹೆಚ್ಚಾದರೆ ಹಿಂದಿನವರಿಗೆ ಚಿತ್ರ ಕಾಣದೆ ಚಿವುಟಾಟ ಶುರು. ಪುಸ್ತಕವನ್ನ ಎದಿಮಟ್ಟಕ್ಕೆ ಮಕ್ಕಳ ಕಡೆ ತಿರುಗಿಸಿ, ಕೆಳಗಿನಿಂದ ಒಂದೇ ಕೈಯಲ್ಲಿ ಹಿಡಿಯಿರಿ. ನೀವು ಓರೆಯಾಗಿ ನೋಡಿ ಓದಿ. ಹೆಬ್ಬೆರಳು ಚಿತ್ರದ ಮೇಲೆ ಬರಬಾರದು. ಓದು 20 ನಿಮಿಷ, ಆಮೇಲೆ ಚಿತ್ರ ಬಿಡಿಸಲಿ. ಏಳನೇತ್ತೆಯವರು ಬಂದರೆ ಪಾತ್ರದ ಮಾತು ಅವರಿಗೆ ಹಂಚಿರಿ.

ಪುಸ್ತಕ ಹರಿದಾವು ಅಂತ ಕಪಾಟಿಗೆ ಕೀಲಿ ಹಾಕಿಟ್ಟಿದ್ದರೆ, ರಿಪೇರಿ ನಾವು ಮಾಡ್ತೀವಿ ಅನ್ನಿ. ಸೆಲ್ಲೋಟೇಪ್ ಮಾತ್ರ ಬ್ಯಾಡ, ಹಳದಿಯಾಗಿ ಗೋಂದು ಒಸರಿ ಹಾಳಿ ಅಂಟಿಕೊಳ್ಳುತ್ತವೆ. ಮೈದಾ ಅಂಟು, ತೆಳು ಕಾಗದದ ಪಟ್ಟಿ, ಮೇಲೊಂದು ಭಾರದ ಕಲ್ಲು, ಒಂದು ರಾತ್ರಿ.