ಕನ್ವರ್ಟರ್ ಉಲ್ಟಾ ತಂದಿದ್ದೀರಿ ಸರ್

ಹಳೇ ಲ್ಯಾಪ್‌ಟಾಪ್‌ನಲ್ಲಿ ಹಳೇ ಕಾಲದ ವಿಜಿಎ ಪೋರ್ಟ್ ಮಾತ್ರ, ಟಿವಿಯಲ್ಲಿ ಈಗಿನ ಎಚ್‌ಡಿಎಂಐ ಪೋರ್ಟ್ ಮಾತ್ರ, ಕನ್ವರ್ಟರ್ ಹಾಕಿದರೂ "ನೋ ಸಿಗ್ನಲ್" ಅಂತ ಬರೆದಿದ್ದೀರಿ. ಫೋಟೋ ನೋಡಿದ ತಕ್ಷಣ ಗೊತ್ತಾಯಿತು, ನಾನೂ ಇದೇ ಪೀಸ್ ತಂದು ಟಿವಿ ರಿಪೇರಿಯವರನ್ನು ಕರೆಸಿದ್ದೆ. ಟಿವಿ ಸರಿಯಾಗಿಯೇ ಇದೆ. ನಿಮ್ಮ ಹತ್ತಿರ ಇರುವುದು ಎಚ್‌ಡಿಎಂಐನಿಂದ ವಿಜಿಎಗೆ ಹೋಗುವುದು. ಹೊಸ ಲ್ಯಾಪ್‌ಟಾಪನ್ನು ಹಳೇ ಪ್ರೊಜೆಕ್ಟರ್‌ಗೆ ಹಾಕಲು ಅದು. ತಿರುಗಿಸಿ ಚುಚ್ಚಿದರೆ ನಡೆಯಲ್ಲ.

ನಿಮಗೆ ಬೇಕಾದದ್ದರಲ್ಲಿ ವಿಜಿಎ ಕಡೆ 15 ಪಿನ್ ಹೊರಗೆ ಕಾಣಬೇಕು, ಎಚ್‌ಡಿಎಂಐ ಕಡೆ ತೂತು ಇರಬೇಕು, ಜೊತೆಗೆ ಯುಎಸ್‌ಬಿ ಬಾಲ. ಆ ಬಾಲ ಸುಮ್ನೆ ಅಲ್ಲ. ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್, ನಡುವೆ ಬದಲಾಯಿಸುವ ಚಿಪ್‌ಗೆ ಕರೆಂಟ್ ಬೇಕು. ಈ ಕಡೆ ವಿಜಿಎ, ಆ ಕಡೆ ಎಚ್‌ಡಿಎಂಐ ಇರುವ ಬರೀ ವೈರ್ ಕೊಟ್ಟರೆ ವಾಪಸ್ ಕೊಡಿ. ಬೆಂಗಳೂರಿನ ಎಸ್‌ಪಿ ರೋಡ್ ಆದರೂ ಸರಿ, ಆನ್‌ಲೈನ್ ಆದರೂ ಸರಿ, "ವಿಜಿಎ ಟು ಎಚ್‌ಡಿಎಂಐ, ಆಡಿಯೋ ಸಮೇತ" ಅಂತಲೇ ಕೇಳಿ. ಈ ಸಾಮಾನಿನಲ್ಲಿ ಬ್ರಾಂಡ್ ಹುಡುಕುವುದು ದಂಡ, ವಾಪಸ್ ತಗೊಳ್ಳುವ ಅಂಗಡಿ ಹುಡುಕಿ.

ಆಡಿಯೋ ಸಮೇತ ಯಾಕೆ ಅಂದರೆ ವಿಜಿಎಯಲ್ಲಿ ಶಬ್ದವೇ ಹೋಗಲ್ಲ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಕನ್ವರ್ಟರ್‌ಗೆ 3.5 ಎಂಎಂ ವೈರ್ ಎಳೆಯಬೇಕು. ಆಗ ಸೌಂಡ್ ಸೆಟ್ಟಿಂಗ್‌ನಲ್ಲಿ ಟಿವಿ ಹೆಸರು ಹುಡುಕಬೇಡಿ, ಅದು ಬರಲ್ಲ. ಹೆಡ್‌ಫೋನ್ ಅಂತಲೇ ಇರಲಿ. ಇಲ್ಲಿ ಅರ್ಧ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ನೇರ ಎಚ್‌ಡಿಎಂಐ ಇರುವವರಿಗೆ ಮಾತ್ರ ಕೆಳಗಿನ ಸ್ಪೀಕರ್ ಚಿತ್ರ ಒತ್ತಿ ಟಿವಿ ಆರಿಸುವ ಕೆಲಸ. ಕೆಲವು ಪ್ಲೇಯರ್‌ಗಳನ್ನು ಮುಚ್ಚಿ ತೆರೆದರೇನೇ ಶಬ್ದ ಬದಲಾಗುವುದು.

ಚಿತ್ರ ಬಂದಮೇಲೆ ಮಸುಕು ಅಂತ ಇನ್ನೊಂದು ಪೋಸ್ಟ್ ಹಾಕಬೇಡಿ ಮತ್ತೆ! ವಿಂಡೋಸ್ ಕೀ ಜೊತೆ ಪಿ ಒತ್ತಿ. ಡುಪ್ಲಿಕೇಟ್‌ನಲ್ಲಿಟ್ಟರೆ ಹಳೇ ಲ್ಯಾಪ್‌ಟಾಪ್‌ನ 1366×768 ರೆಸಲ್ಯೂಶನ್ನೇ ಟಿವಿಗೂ ಹೋಗಬಹುದು. ಸೆಕೆಂಡ್ ಸ್ಕ್ರೀನ್ ಓನ್ಲಿ ಮಾಡಿ 1920×1080 ಇಡಿ. ಟಾಸ್ಕ್‌ಬಾರ್ ಅಂಚಿನಲ್ಲಿ ಕತ್ತರಿಸಿ ಹೋದರೆ ತಪ್ಪು ಟಿವಿಯದು. ಎಲ್‌ಜಿಯಲ್ಲಿ "ಜಸ್ಟ್ ಸ್ಕ್ಯಾನ್", ಸ್ಯಾಮ್‌ಸಂಗ್‌ನಲ್ಲಿ "ಸ್ಕ್ರೀನ್ ಫಿಟ್", ಸೋನಿಯಲ್ಲಿ "ಫುಲ್ ಪಿಕ್ಸೆಲ್" ಅಂತ ಹುಡುಕಿ. ಮಾಡೆಲ್ ಮೇಲೆ ಹೆಸರು ಸ್ವಲ್ಪ ಆಚೀಚೆ ಆಗುತ್ತದೆ. ಒಂದೇ ಹೆಸರಿಡಲು ಇವರಿಗೇನು ಕಷ್ಟವೋ.

ಮೇಲೆ, ಲ್ಯಾಪ್‌ಟಾಪ್‌ನ ಯುಎಸ್‌ಬಿ ಟೈಪ್-ಸಿ ತೂತಿನಿಂದ ಟಿವಿಗೆ ಚಿತ್ರ ಬರುತ್ತದಾ ಅಂತ ಕೇಳಿದವರಿಗೆ: ತೂತು ಇದ್ದ ಮಾತ್ರಕ್ಕೆ ಚಿತ್ರ ಬರಲ್ಲ. ಎಷ್ಟೋ ಪೋರ್ಟ್ ಬರೀ ಚಾರ್ಜಿಂಗ್, ಡೇಟಾ. ಪಕ್ಕದಲ್ಲಿ ಡಿಪಿ (ಡಿಸ್‌ಪ್ಲೇಪೋರ್ಟ್) ಗುರುತೋ ಥಂಡರ್‌ಬೋಲ್ಟ್ ಮಿಂಚೋ ಇದೆಯಾ ನೋಡಿ. ಗುರುತಿಲ್ಲದೆಯೂ ಕೆಲವು ನಡೆಯುತ್ತವೆ, ಹಾಗಾಗಿ ಮಾಡೆಲ್ ನಂಬರ್ ಹಾಕಿ ಕಂಪನಿ ಸೈಟ್‌ನಲ್ಲಿ ನೋಡಿಯೇ ಅಡಾಪ್ಟರ್ ತಗೊಳ್ಳಿ.

ಇನ್ನೊಂದು. ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಮ್ ಅನ್ನುತ್ತದಾ? ಅರ್ಥಿಂಗ್ ಇಲ್ಲದ ಮನೆಯಲ್ಲಿ ಇದು ಮಾಮೂಲಿ. ಹಾಗಿದ್ದರೆ ಎಚ್‌ಡಿಎಂಐ ಚುಚ್ಚುವಾಗ ಚಾರ್ಜರ್ ಕಿತ್ತಿಡಿ, ಟಿವಿ ಸ್ವಿಚ್ ಬೋರ್ಡಿನಲ್ಲೇ ಆಫ್ ಮಾಡಿ, ಸೆಟ್‌ಟಾಪ್ ಬಾಕ್ಸಿನ ಕೇಬಲನ್ನೂ ಬಿಚ್ಚಿ. ಪೋರ್ಟ್ ಸುಟ್ಟರೆ ಮದರ್‌ಬೋರ್ಡ್ ಖರ್ಚು. ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್‌ಗೆ ಅರ್ಥ್ ಇದೆಯಾ ಅಂತ ಮೊದಲು ನೋಡಿಸಿ, ಕನ್ವರ್ಟರ್ ಆಮೇಲೆ ತಂದರಾಯಿತು.